ಗಿರಣಿ ಶಿವಶರಣಪ್ಪ ಮತ್ತು ಖಾಲಿ ಬಿಟ್ಟ ದಿನಾಂಕ

ನಮ್ಮ ಕಚೇರಿಯಲ್ಲಿ ನೀರಿನ ನೋಟಿಸು ಹುಟ್ಟುವಾಗಲೇ ಅದರ ಮೈಯಲ್ಲೊಂದು ತೂತಿರುತ್ತಿತ್ತು. ‘ದಿನಾಂಕ’ ಎಂದು ಟೈಪ್ ಮಾಡಿ, ನಾಲ್ಕು ಬೆರಳು ಜಾಗ ಬಿಟ್ಟು, ‘ರಂದು’ ಎಂದು ಮುಂದುವರಿಸುತ್ತಿದ್ದೆವು. ಆಮೇಲೆ ‘ಬೆಳಿಗ್ಗೆ’ ಎಂದು ಬರೆದು ಮತ್ತೆರಡು ಬೆರಳು ಜಾಗ, ಆಮೇಲೆ ‘ಗಂಟೆಗೆ’. ಆ ಜಾಗ ತುಂಬುವ ಅಧಿಕಾರ ಗುಮಾಸ್ತನಿಗಿರಲಿಲ್ಲ. ಸಾಹೇಬರು ಸಹಿ ಮಾಡುವಾಗ ತಮ್ಮ ಹಸಿರು ಶಾಯಿಯ ಪೆನ್ನಿನಿಂದ ತಾವೇ ತುಂಬಬೇಕಿತ್ತು. ನಾನು ಸೇವೆಗೆ ಸೇರಿದಾಗಲೂ ಹೀಗೇ ಇತ್ತು, ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಯಾರೂ ಇರಲಿಲ್ಲ.

ಆ ತೂತಿನಲ್ಲಿ ಒಬ್ಬ ಕುರಿಗಾರನ ಇಡೀ ಹಟ್ಟಿ ಬೀಳುವುದರಲ್ಲಿತ್ತು. ಬೀಳಲಿಲ್ಲ. ಬೀಳದಂತೆ ತಡೆದವನು ಮಮದಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಶಿವಶರಣಪ್ಪ, ಒಂಬತ್ತನೆಯ ವಯಸ್ಸಿನಿಂದ ಕಣ್ಣು ಕಾಣದವನು. ಅವನಿಗೆ ನಾನು ಎಷ್ಟು ಋಣಿ ಎಂದು ಬಾಯಿಬಿಟ್ಟು ಹೇಳಲು ಹೋದಾಗೆಲ್ಲ ಅವನು ಗಿರಣಿ ಚಾಲೂ ಮಾಡಿಬಿಡುತ್ತಾನೆ, ಆ ಗದ್ದಲದಲ್ಲಿ ನನ್ನ ಮಾತು ಯಾರಿಗೂ ಕೇಳುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನ್ನ ಹೆಸರು ಸುಶೀಲೇಂದ್ರ. ವಿಜಯಪುರದ ಒಂದು ಕೆರೆ–ಕಾಲುವೆ ನಿರ್ವಹಣಾ ಘಟಕದಲ್ಲಿ ಪ್ರಥಮ ದರ್ಜೆ ಸಹಾಯಕ. ಕಾಲುವೆಯಿಂದ ಯಾವ ಕೆರೆಗೆ ಯಾವಾಗ ನೀರು ಬಿಡಬೇಕೆಂದು ಮೇಲಿನವರು ಗೊತ್ತು ಮಾಡುತ್ತಾರೆ, ಅದನ್ನು ಊರವರಿಗೆ ತಿಳಿಸುವುದು ನಮ್ಮ ಕೆಲಸ. ನಾಲ್ಕು ವರ್ಷದ ಹಿಂದೆ ಘಟಕಕ್ಕೊಂದು ಜಾಲತಾಣ ಬಂತು. ಅದನ್ನು ಯಾರಿಗೆ ಒಪ್ಪಿಸುವುದೆಂದು ಸಭೆ ಸೇರಿತು. ಸಭೆಗೆ ನಾನು ಐದು ನಿಮಿಷ ತಡವಾಗಿ ಹೋದೆ. ಒಳಗೆ ಕಾಲಿಡುವಷ್ಟರಲ್ಲಿ ಜಾಲತಾಣ ನನ್ನ ಹೆಗಲೇರಿ ಕುಳಿತಿತ್ತು.

ಕೆಲಸ ಕಷ್ಟದ್ದೇನಲ್ಲ ಎಂದುಕೊಂಡೆ. ಸಹಿಯಾದ ನೋಟಿಸಿನ ಮೇಲೆ ಕಚೇರಿಯ ದುಂಡನೆಯ ಮುದ್ರೆ, ನಮ್ಮ ಮಾತಿನಲ್ಲಿ ಶಿಕ್ಕಾ, ಹೊಡೆಯುವುದು, ಸ್ಕ್ಯಾನ್ ಮಾಡುವುದು, ಜಾಲತಾಣಕ್ಕೆ ಏರಿಸುವುದು, ಚಹಾಕ್ಕೆ ಹೋಗುವುದು. ಕಾಗದ ಸೊಟ್ಟಗೆ ಬಂದರೂ ಚಿಂತೆಯಿಲ್ಲ, ಶಿಕ್ಕಾ ಕಾಣಿಸಿದರೆ ಸಾಕು. ಶಿಕ್ಕಾ ಇಲ್ಲದ್ದು ನಮ್ಮಲ್ಲಿ ನೋಟಿಸೇ ಅಲ್ಲ.

ಹೀಗಿರುವಾಗ ಒಂದು ಸೋಮವಾರ ಹತ್ತೂವರೆಗೆ ಕಚೇರಿಯ ಫೋನು ಹೊಡೆದುಕೊಂಡಿತು.

“ಸರ, ಮಮದಾಪುರದಿಂದ ಗಿರಣಿ ಶಿವಶರಣಪ್ಪ ಮಾತಾಡಾಕತ್ತೇನಿ. ನಿಮ್ಮ ನೋಟಿಸು ನನ್ನ ಫೋನು ಓದವಲ್ದರಿ. ‘ಚಿತ್ರ’ ಅಂತೈತಿ, ಸುಮ್ನಾಗತೈತಿ.”

ಫೋನು ಓದುವುದೆಂದರೇನೆಂದು ನನಗೆ ತಿಳಿಯಲಿಲ್ಲ. ನೀವೇ ಓದಿಕೊಳ್ಳಿ ಎಂದೆ. ತನಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿನ ಅಕ್ಷರಗಳನ್ನು ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ನಾವು ಕಾಗದದ ಫೋಟೊ ತೆಗೆದು ಹಾಕಿದರೆ ಅದಕ್ಕೆ ಅಕ್ಷರ ಸಿಗುವುದಿಲ್ಲ ಎಂದು ಅವನು ಸಾವಧಾನವಾಗಿ ವಿವರಿಸಿದ. ಕಚೇರಿಯ ಬೋರ್ಡಿಗೂ ಅಂಟಿಸಿದ್ದೇವೆ, ಬಂದು ನೋಡಿ ಎಂದುಬಿಟ್ಟೆ. ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ನಕ್ಕ. ಬೋರ್ಡಿನ ಮೇಲೆ ಕೈಯಾಡಿಸಿದರೆ ತನಗೆ ಗಾಜಷ್ಟೇ ಸಿಗುತ್ತದೆ ಎಂದ.

ಮುಂದಿನ ಸೋಮವಾರ ಹತ್ತೂವರೆಗೆ ಮತ್ತೆ ಫೋನು. ಅದರ ಮುಂದಿನ ಸೋಮವಾರವೂ. ಒಂದು ಸಲವೂ ದನಿ ಏರಿಸಿದವನಲ್ಲ, ಒಂದು ಸಲವೂ ಬಿಟ್ಟವನಲ್ಲ. ಬೈದರೆ ನಾನೂ ಬೈಯಬಹುದಿತ್ತು, ಬೈಯದವನ ಜತೆ ಏನು ಜಗಳ ಮಾಡುವುದು? ಕೊನೆಕೊನೆಗೆ ಹತ್ತು ಇಪ್ಪತ್ತೈದಕ್ಕೇ ಎದ್ದು ಚಹಾಕ್ಕೆ ಹೋಗತೊಡಗಿದೆ. ನಾಚಿಕೆಯ ಮಾತು, ಆದರೂ ನಿಜ.

ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಎಲ್ಲ ಸರಕಾರಿ ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂದು ಅದರಲ್ಲಿತ್ತು. ನಾವು ಜಾಲತಾಣದ ನೆತ್ತಿಯ ಮೇಲೆ ಗಾಲಿಕುರ್ಚಿಯ ಚಿತ್ರ ಕೂರಿಸಿದೆವು. ಅಕ್ಷರ ದೊಡ್ಡದು ಮಾಡಲು ಒಂದು ಗುಂಡಿ, ಸಣ್ಣದು ಮಾಡಲು ಒಂದು ಗುಂಡಿ ಇಟ್ಟೆವು. ನೋಟಿಸುಗಳು ಮಾತ್ರ ಮೊದಲಿನಂತೆ ಫೋಟೊಗಳೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಸಿ, ಸುತ್ತೋಲೆ ಪಾಲಿಸಲಾಗಿದೆ ಎಂದು ನಾನೇ ವರದಿ ಬರೆದು ಕಳಿಸಿದೆ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಒಂದು ದಿನ ಶಿವಶರಣಪ್ಪ ಕಚೇರಿಗೇ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಹುಬ್ಬಿನ ಮೇಲೂ ಹಿಟ್ಟಿನ ಧೂಳು. ಜತೆಗೆ ತಾಯಿ ಕಾಳವ್ವ. ಮಮದಾಪುರದಿಂದ ಬೆಳಗಿನ ಬಸ್ಸು ಹತ್ತಿ ಬಂದಿದ್ದರು. ಅಂದು ಸೋಮವಾರವಾಗಿರಲಿಲ್ಲ, ಹಾಗಾಗಿ ನಾನು ಸಿಕ್ಕಿಬಿದ್ದೆ.

ಅವನು ನನ್ನ ಮೇಜಿನ ಮೇಲೆ ಫೋನಿಟ್ಟು ನಮ್ಮ ಜಾಲತಾಣ ತೆರೆದ. ಫೋನು ಹುರಿದ ಕಡಲೆ ಸಿಡಿದಂತೆ ಪಟಪಟ ಮಾತಾಡಿತು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನಿಗೆ ಆ ವೇಗ ರೂಢಿ. ನನ್ನ ಸಲುವಾಗಿ ನಿಧಾನ ಮಾಡಿದ. ನಾನು ಎರಡು ವರ್ಷ ಕೂತು ಕಟ್ಟಿದ ಜಾಲತಾಣವನ್ನು ಅಂದು ಮೊದಲ ಸಲ ಕಿವಿಯಿಂದ ಕೇಳಿದೆ. ‘ಚಿತ್ರ. ಇಲ್ಲಿ ಒತ್ತಿ. ಚಿತ್ರ. ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ.’

“ಎಲ್ಲಿ ಒತ್ತಲಿ, ಹೇಳ್ರಿ ಸರ” ಅಂದ ಶಿವಶರಣಪ್ಪ. “ನಲವತ್ತು ಕಡೆ ಒತ್ತು ಅಂತೈತಿ. ಒತ್ತಿದ್ರ ಏನು ಸಿಗತೈತಿ ಅಂತ ಒಂದರಾಗೂ ಹೇಳಂಗಿಲ್ಲ.”

ಅಕ್ಕಪಕ್ಕದ ಮೇಜಿನವರು ನಕ್ಕರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮೊಬ್ಬರ ಸಲುವಾಗಿ ಇಷ್ಟೆಲ್ಲ ಮಾಡಬೇಕೇನು ಎಂದು ಕೇಳಿಯೇಬಿಟ್ಟೆ.

“ನನಗ ಕಣ್ಣಿಲ್ರಿ ಸರ. ಗಿರಣಿಗಿ ಬರೋ ಭಾಳ ಮಂದಿಗಿ ಓದಾಕ ಬರಂಗಿಲ್ಲ. ಕಿವಿ ಎಲ್ಲಾರಿಗೂ ಐತಿ. ಈ ಫೋನು ನನಗ ಹೇಳಿದ್ರ ಗಿರಣಿಗೆಲ್ಲ ಹೇಳಿದಂಗ.”

ಇಬ್ಬರಿಗೂ ಚಹಾ ತರಿಸಿದೆ. ಚಹಾ ಕುಡಿಯುತ್ತ ಕಾಳವ್ವ ಮಗನ ಕತೆ ಹೇಳಿದಳು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಅಂಧರ ಶಾಲೆಯಲ್ಲಿ ಎಂಟು ವರ್ಷ ಕಲಿತ. ತಂದೆ ತೀರಿಕೊಂಡಾಗ ಊರವರೆಲ್ಲ ಗಿರಣಿ ಮಾರಿಬಿಡಿ, ಯಂತ್ರ ತಿರುಗಿಸುವ ಪಟ್ಟಾಕ್ಕೆ ಕೈ ಕೊಟ್ಟಾನು ಎಂದರು. ಇವನು ಮಾರುವುದಿಲ್ಲ ಎಂದ. ಕಾಳವ್ವ ಮೂರು ತಿಂಗಳು ಯಂತ್ರದ ಪಕ್ಕ ಕೋಲು ಹಿಡಿದು ಕುಳಿತಳಂತೆ. ಮಗನ ಕೈ ಪಟ್ಟಾದ ಕಡೆ ಹೋದರೆ ಒಂದು ಏಟು. ನಾಲ್ಕನೆಯ ತಿಂಗಳು ಕೋಲು ಬೇಕಾಗಲಿಲ್ಲ. ಈಗ ಡಬ್ಬಿ ನೆಲಕ್ಕಿಟ್ಟ ಸದ್ದಿನಲ್ಲೇ ಯಾರ ಮನೆಯದೆಂದು ಹೇಳುತ್ತಾನೆ. ಕಲ್ಲು ಕಾದರೆ ಮೂಗಿಗೆ ಗೊತ್ತಾಗುತ್ತದೆ, ತಕ್ಷಣ ನಿಲ್ಲಿಸುತ್ತಾನೆ. ಅವನು ಬೀಸಿದ ಹಿಟ್ಟಿನ ರೊಟ್ಟಿ ಬಡಿಯುವಾಗ ಹರಿಯುವುದಿಲ್ಲ ಎಂದು ಸುತ್ತಲಿನ ಊರಿನ ಹೆಂಗಸರೂ ಮಮದಾಪುರಕ್ಕೇ ಜೋಳ ತರುತ್ತಾರೆ.

ಅವರು ಹೋದ ಮೇಲೆ ನಾನು ನಮ್ಮ ಸಾಹೇಬರ ಕೋಣೆಗೆ ಹೋದೆ. ನಂದಕಿಶೋರ ಸಾಹೇಬರು ಕೆಟ್ಟವರಲ್ಲ, ಕಾಗದಕ್ಕೆ ಹೆದರುವ ಮನುಷ್ಯ. ಬರೀ ಟೈಪ್ ಮಾಡಿದ್ದನ್ನು ಹಾಕಿದರೆ ನಾಳೆ ಯಾರಾದರೂ ಸಹಿ ಎಲ್ಲಿ ಎಂದು ಕೇಳಿದರೆ ಗತಿಯೇನು ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ಹುಡುಕಿದೆವು. ಮೇಲೆ ಶಿಕ್ಕಾ ಹೊಡೆದ ಫೋಟೊ ಇರಲಿ, ಕೆಳಗೆ ನನ್ನ ಕಂಪ್ಯೂಟರಿನಲ್ಲಿರುವ ಅದೇ ನೋಟಿಸಿನ ಟೈಪ್ ಮಾಡಿದ ಅಕ್ಷರಗಳನ್ನು ಅಂಟಿಸುವುದು. ಫೋನು ಅದನ್ನು ಓದಲಿ.

ಆರು ತಿಂಗಳು ದುಡಿದೆ. ‘ಇಲ್ಲಿ ಒತ್ತಿ’ ಎಂಬುದನ್ನೆಲ್ಲ ಕಿತ್ತು, ‘ಬಬಲೇಶ್ವರ ಭಾಗದ ಕೆರೆಗಳ ಪಟ್ಟಿ’, ‘ತಿಕೋಟಾ ಭಾಗದ ಕಾಲುವೆ ದುರಸ್ತಿ’ ಎಂದು ಒತ್ತಿದರೆ ಏನು ಸಿಗುತ್ತದೋ ಅದನ್ನೇ ಬರೆದೆ. ಸೋಮವಾರದ ಫೋನಿಗೆ ಈಗ ನಾನೇ ಕಾಯತೊಡಗಿದ್ದೆ. ಶಿವಶರಣಪ್ಪ ಪುಟಪುಟವನ್ನೂ ಕೇಳಿ ತಪ್ಪು ಹೇಳುತ್ತಿದ್ದ. ಫೋಟೊಗಳಲ್ಲಿ ಏನಿದೆ ಎಂದು ಒಂದೆರಡು ಸಾಲು ಬರೆಯಿರಿ, ಫೋನು ಅದನ್ನೂ ಓದುತ್ತದೆ ಎಂದ. ‘ಸಸಿ ನೆಡುವ ಕಾರ್ಯಕ್ರಮ’ ಎಂದು ಬರೆದೆ. ಯಾರು ನೆಡುತ್ತಿದ್ದಾರೆ ಎಂದು ಕೇಳಿದ. ಸರಿಯಾಗಿ ನೋಡಿದೆ. ನೋಡಿದ್ದನ್ನೇ ಬರೆದೆ: ‘ಎಂಟು ಮಂದಿ ಅಧಿಕಾರಿಗಳು ಒಂದು ಬೇವಿನ ಸಸಿ ಹಿಡಿದುಕೊಂಡು ಕ್ಯಾಮರಾ ನೋಡುತ್ತಿದ್ದಾರೆ. ನೀರು ಹಾಕುತ್ತಿರುವ ಮಾಲಿ ಅರ್ಧ ಮಾತ್ರ ಕಾಣಿಸುತ್ತಾನೆ.’

ಸಾಹೇಬರ ಫೋನಿನಲ್ಲಿ ಅಂದು ನೆಟ್‌ವರ್ಕ್ ಸರಿಯಿರಲಿಲ್ಲ. ಫೋಟೊ ಬರುವ ಬದಲು ಅದರ ಜಾಗದಲ್ಲಿ ನನ್ನ ಸಾಲುಗಳೇ ಬಂದವು. ನನ್ನನ್ನು ಕರೆಸಿದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಎರಡು ಸಲ ಓದಿ, ಆ ಮಾಲಿಯ ಹೆಸರೇನು ಎಂದು ಕೇಳಿದರು. ಗೊಲ್ಲಾಳಪ್ಪ ಎಂದೆ. ಹಾಗಾದರೆ ಹೆಸರೂ ಹಾಕಿ ಎಂದರು. ಅಂದಿನಿಂದ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು.

ಇಷ್ಟಾದ ಮೇಲೆ ನನಗೆ ಸ್ವಲ್ಪ ಜಂಬ ಬಂದದ್ದು ಸುಳ್ಳಲ್ಲ. ನೋಟಿಸಿನ ತೂತು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ಬೇರೆ ನೋಟಿಸುಗಳಲ್ಲಿ ದಿನಾಂಕ ಮೊದಲೇ ಟೈಪ್ ಆಗಿರುತ್ತಿತ್ತು. ನೀರು ಬಿಡುವ ನೋಟಿಸಿನಲ್ಲಿ ಮಾತ್ರ ಖಾಲಿ, ಏಕೆಂದರೆ ಮೇಲಿನವರು ದಿನ ತಿಳಿಸುತ್ತಿದ್ದುದು ಕೊನೆಯ ಗಳಿಗೆಗೆ. ಆ ವರ್ಷ ಏಪ್ರಿಲ್ ತನಕ ನೀರು ಬಿಡುವ ಮಾತೇ ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಮಮದಾಪುರದ ಹಳೆಯ ಕೆರೆ ಬಹುಮಟ್ಟಿಗೆ ಬತ್ತಿತ್ತು. ನಡುವೆ ಒಂದಿಷ್ಟು ನೀರು, ಸುತ್ತ ಒಣ ನೆಲ, ಕಾಲುವೆ ಬಂದು ಬೀಳುವ ತಗ್ಗಿನಲ್ಲಿ ಮಾತ್ರ ತೇವ ಉಳಿದು ಹಸಿರು ಹುಲ್ಲು. ಆ ಹುಲ್ಲಿಗಾಗಿ ರಾಯಪ್ಪ ಎಂಬ ಕುರಿಗಾರ ಅಲ್ಲೇ ಬಲೆ ಕಟ್ಟಿ ಹಟ್ಟಿ ಹಾಕಿದ್ದ. ನೂರಕ್ಕೂ ಮೇಲೆ ಕುರಿ. ಅವು ಅಲ್ಲೇ ಈದಿದ್ದವು, ನಲವತ್ತು ಚಿಲ್ಲರೆ ಮರಿಗಳಿಗೆ ಎಂಟು ದಿನವೂ ತುಂಬಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಾನು ಬುಧವಾರ ನೋಟಿಸು ಟೈಪ್ ಮಾಡಿ ಇಟ್ಟಿದ್ದೆ. ಕಾಲುವೆಯ ನೀರು ಬರುತ್ತದೆ, ಕೆರೆಯ ಒಳಗೆ ಜನ, ಜಾನುವಾರು ಇರಕೂಡದು, ದಿನಾಂಕ ಖಾಲಿ, ಗಂಟೆ ಖಾಲಿ. ಶುಕ್ರವಾರ ಸಂಜೆ ಐದು ದಾಟಿದ ಮೇಲೆ ಮೇಲಿನವರ ಫೋನು ಬಂತು. ಸಾಹೇಬರು ಹಸಿರು ಪೆನ್ನು ತೆಗೆದು ತುಂಬಿ ಸಹಿ ಹಾಕಿದರು. ಮರುದಿನ ಎರಡನೆಯ ಶನಿವಾರ, ರಜೆ. ತಿಕೋಟಾದಲ್ಲಿ ನನ್ನ ಅಕ್ಕ ಆನಂದೀಬಾಯಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಶಿಕ್ಕಾ ಹೊಡೆದೆ, ಸ್ಕ್ಯಾನ್ ಮಾಡಿದೆ, ಏರಿಸಿದೆ, ಕೆಳಗೆ ಬುಧವಾರದ ಟೈಪನ್ನು ಅಂಟಿಸಿ ಓಡಿದೆ. ಪಂಚಾಯಿತಿಗೆ ಹೋಗಬೇಕಾದ ನೋಟಿಸಿನ ಪ್ರತಿ ಮಾತ್ರ ಟಪಾಲಿನ ತಟ್ಟೆಯಲ್ಲಿ ಸೋಮವಾರಕ್ಕೆ ಕಾಯುತ್ತ ಬಿತ್ತು.

ಶನಿವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಸಜ್ಜಕದ ಹೋಳಿಗೆ ಉಂಡು, ಮೂರೂವರೆಗೆ ಚೀಲದಲ್ಲಿದ್ದ ಫೋನು ತೆಗೆದೆ. ಶಿವಶರಣಪ್ಪನ ಹನ್ನೊಂದು ಕರೆಗಳು. ನಾನು ಕೊಟ್ಟ ನನ್ನ ಸ್ವಂತ ನಂಬರಿಗೆ ಅವನು ಅದುವರೆಗೆ ಒಮ್ಮೆಯೂ ಕರೆ ಮಾಡಿರಲಿಲ್ಲ. ತಿರುಗಿ ಹಚ್ಚಿದೆ.

“ಸರ, ನೀರಿನ ನೋಟಿಸು ಕೇಳಿದೆ. ಎಲ್ಲಾ ಛಲೋ ಓದತೈತಿ. ‘ದಿನಾಂಕ’ ಅಂದು ಸುಮ್ನಾಗತೈತಿ, ಆಮ್ಯಾಲ ‘ರಂದು’ ಅಂತೈತಿ. ನೀರು ಯಾವತ್ತ ಬರತೈತ್ರಿ?”

ನನಗೆ ನೆನಪಿರಲಿಲ್ಲ. ನೆನಪು ಹೋಗಲಿ, ನಾನು ನೋಡಿಯೇ ಇರಲಿಲ್ಲ. ಸಾಹೇಬರು ಬರೆಯುವಾಗ ಎದುರಿಗೇ ನಿಂತಿದ್ದೆ, ನೋಡಿದ್ದು ಗೋಡೆಯ ಗಡಿಯಾರವನ್ನು. ಒಂದು ನಿಮಿಷ ತಡೆಯಿರಿ ಎಂದು ಫೋನಿನಲ್ಲಿ ನೋಟಿಸಿನ ಫೋಟೊ ತೆರೆದೆ. ದೊಡ್ಡದು ಮಾಡಿದೆ. ಹಸಿರು ಶಾಯಿಯ ಅಂಕಿಗಳ ಮೇಲೆ ಸರಿಯಾಗಿ ನೇರಳೆ ಬಣ್ಣದ ಶಿಕ್ಕಾ ಕುಳಿತಿತ್ತು. ಊರಲ್ಲಿ ಓದು ಬರುವ ಇಬ್ಬರಿಗೆ ತೋರಿಸಿದೆ, ಅವರಿಗೂ ಓದಲಾಗಲಿಲ್ಲ ಎಂದು ಶಿವಶರಣಪ್ಪ ಆ ಕಡೆಯಿಂದ ಹೇಳಿದ. ರಾಯಪ್ಪ ತಗ್ಗಿನಲ್ಲಿದ್ದಾನೆ, ಮರಿಗಳು ಎಳೆಯವು ಎಂದೂ ಹೇಳಿದ.

ಅಕ್ಕ ನನ್ನ ಹೆಗಲ ಮೇಲಿಂದ ಫೋನು ನೋಡಿದಳು. ಅವಳಿಗೆ ಎಪ್ಪತ್ತು, ನಾನು ಇನ್ನೂ ಅವಳ ಕಣ್ಣಿಗೆ ಸ್ಲೇಟು ಒಡೆದುಕೊಂಡು ಬರುವ ಹುಡುಗ. “ನೀನ ಹೊಡದ ಶಿಕ್ಕಾ ನಿನಗ ಓದಲಿಕ್ಕೆ ಬರವಲ್ದು. ಏನ್ ನಿಂತೀಯೋ, ಸಾಹೇಬ್ರಿಗೆ ಫೋನ್ ಹಚ್ಚು” ಎಂದಳು.

ಮೂರನೆಯ ಸಲಕ್ಕೆ ಸಾಹೇಬರು ಸಿಕ್ಕರು. ನಾಳೆ ಬೆಳಿಗ್ಗೆ ಆರಕ್ಕೆ, ನೋಟಿಸಿನಲ್ಲೇ ಬರೆದಿದ್ದೇನಲ್ಲ ಎಂದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. ಕಾಲುವೆಯ ಗೇಟು ತಮ್ಮ ಕೈಯಲ್ಲಿಲ್ಲ, ಮೇಲಿನವರನ್ನು ಹಿಡಿಯಲು ನೋಡುತ್ತೇನೆ, ಆದರೆ ಅದನ್ನು ನಂಬಿ ಕೂರಬೇಡಿ, ಹಟ್ಟಿ ಏಳಿಸಿ ಎಂದರು. ಮೇಲಿನವರು ಸಿಗಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮತ್ತೆ ಶಿವಶರಣಪ್ಪನಿಗೆ ಹಚ್ಚಿದಾಗ ಆ ಕಡೆ ಕುರಿಗಳ ಸದ್ದು. ಅವನು ನನ್ನ ಉತ್ತರಕ್ಕೆ ಕಾದು ಕುಳಿತಿರಲಿಲ್ಲ. ಹನ್ನೆರಡಕ್ಕೇ ಗಿರಣಿ ನಿಲ್ಲಿಸಿ, ತಾಯಿಯ ಜತೆ ಕೆರೆಯೊಳಗೆ ಇಳಿದು, ರಾಯಪ್ಪನ ಹಟ್ಟಿಯಲ್ಲಿ ನಿಂತಿದ್ದ. ನನಗೆ ಬಂದ ಆ ಹನ್ನೊಂದು ಕರೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದದ್ದು. ರಾಯಪ್ಪ ಜಪ್ಪಯ್ಯ ಅಂದರೂ ಏಳಲೊಲ್ಲ. ಎಂಟು ದಿನದ ಮರಿಗಳನ್ನು ಹೊತ್ತು ಒಡ್ಡು ಹತ್ತುವುದು ಸಣ್ಣ ಮಾತಲ್ಲ, ಸುಮ್ಮನೆ ಹತ್ತಿಸಿದರೆ ಬಿಸಿಲಿಗೆ ಸಾಯುತ್ತವೆ, ದಿನವೇ ಇಲ್ಲದ ನೋಟಿಸಿಗೆ ಹಟ್ಟಿ ಕೀಳುವವನಲ್ಲ ಎಂಬುದು ಅವನ ಹಟ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಶಿವಶರಣಪ್ಪ ಫೋನಿನ ಸ್ಪೀಕರ್ ಹಚ್ಚಿ, “ಸರ, ನೀವ ಹೇಳ್ರಿ” ಅಂದ.

ಮೂವತ್ತನಾಲ್ಕು ವರ್ಷ ನಾನು ‘ಈ ಮೂಲಕ ತಿಳಿಸಲಾಗಿದೆ’ ಎಂದು ಬರೆದವನು. ಯಾರು ಯಾರಿಗೆ ತಿಳಿಸಿದರು ಎಂಬುದು ಆ ಮಾತಿನಲ್ಲಿ ಇರುವುದಿಲ್ಲ. ಅಂದು ಬಾಯಲ್ಲಿ ಆ ಮಾತು ಬರಲಿಲ್ಲ.

“ರಾಯಪ್ಪಾ, ನಾ ಸುಶೀಲೇಂದ್ರ ಅಂತ, ವಿಜಾಪುರ ಕಚೇರಿಯಿಂದ. ನಾಳೆ ಮುಂಜಾನೆ ಆರಕ್ಕ ನೀರು ಬರತದ. ನೋಟಿಸು ಟೈಪ್ ಮಾಡಿದಾಂವ ನಾನ. ಶಿಕ್ಕಾ ಹೊಡದಾಂವ ನಾನ. ತಪ್ಪೂ ನಂದ ಅದ. ಮರಿ ಎತ್ತಿಕೊಂಡು ಇವತ್ತ ಮ್ಯಾಲ ಹೋಗ್ರಿ, ಕೈ ಮುಗೀತೀನಿ.”

ಮರಿಗಳ ಕೂಗಿನ ನಡುವೆ ಒಂದು ಗೊಗ್ಗರು ದನಿ, “ಆತು ಬಿಡ್ರಿ” ಎಂದಿತು. ಫೋನು ಕಟ್ಟಾಯಿತು.

ಭಾನುವಾರ ಮೊದಲ ಬಸ್ಸಿಗೆ ತಿಕೋಟಾ ಬಿಟ್ಟೆ. ಅಕ್ಕ ಹೋಳಿಗೆ ಕಟ್ಟಿಕೊಟ್ಟು, ಅವರ ಮನೆಗೆ ಬರಿಗೈಲೆ ಹೋಗಬೇಡ ಎಂದಿದ್ದಳು. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಮಮದಾಪುರ ಮುಟ್ಟುವಾಗ ಎಂಟೂವರೆ. ನೇರ ಕೆರೆಯ ಒಡ್ಡಿಗೆ ಹೋದೆ. ಕಾಲುವೆಯ ನೀರು ಕೆಂಪಗೆ ತಗ್ಗಿಗೆ ಬೀಳುತ್ತಿತ್ತು. ಹಟ್ಟಿಯ ಜಾಗ ಯಾವುದೆಂದು ಯಾರೂ ತೋರಿಸಬೇಕಾಗಲಿಲ್ಲ. ಬಲೆ ಕಟ್ಟಿದ ಎರಡು ಗೂಟಗಳ ತುದಿ ನೀರಿನ ಮೇಲೆ ಕಾಣುತ್ತಿದ್ದವು, ಅವುಗಳ ನಡುವೆ ಕುರಿಹಿಕ್ಕೆ ಸುತ್ತುತ್ತ ತೇಲುತ್ತಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ.

ಒಡ್ಡಿನ ಆಚೆ ಬೇವಿನ ನೆರಳಿನಲ್ಲಿ ರಾಯಪ್ಪನ ಕುರಿಗಳಿದ್ದವು. ಕುರಿಗಳೆಲ್ಲ ಕಪ್ಪು, ಮರಿಗಳು ಮಾತ್ರ ಬೂದುಬಿಳಿ. ಹತ್ತಿರ ಹೋಗಿ ನೋಡಿದರೆ ಮೈಮೇಲೆಲ್ಲ ಜೋಳದ ಹಿಟ್ಟು. ಹಿಂದಿನ ಸಂಜೆ ಹಟ್ಟಿಗೆ ಕೈ ಸಾಲದಾದಾಗ ಕಾಳವ್ವ ಗಿರಣಿಗೆ ಓಡಿ, ಗಿರಣಿ ಮತ್ತೆ ಚಾಲೂ ಆಗಲೆಂದು ಪಾಳಿಯಲ್ಲಿ ಕುಳಿತ ಹೆಂಗಸರನ್ನು ಎಬ್ಬಿಸಿದಳಂತೆ. ಅವರು ಬುಟ್ಟಿಯಲ್ಲಿದ್ದ ಜೋಳವನ್ನು ಗಿರಣಿಯ ನೆಲಕ್ಕೆ ಸುರಿದು, ಹಳೆಯ ಹಿಟ್ಟು ಮೆತ್ತಿದ ಬರಿ ಬುಟ್ಟಿ ಹಿಡಿದು ಬಂದು, ಎರಡೆರಡು ಮರಿ ಇಟ್ಟುಕೊಂಡು ತಲೆಯ ಮೇಲೆ ಹೊತ್ತು ಒಡ್ಡು ಹತ್ತಿದರಂತೆ. ಶಿವಶರಣಪ್ಪನೂ ಹೊತ್ತ. ಆ ಒಡ್ಡು ಅವನು ಚಿಕ್ಕಂದಿನಲ್ಲಿ ಕಣ್ಣಿಂದ ಕಂಡದ್ದು, ಕಾಲಿಗೆ ಇನ್ನೂ ನೆನಪಿದೆ ಎಂದು ಕಾಳವ್ವ ಹೇಳಿದಳು.

ರಾಯಪ್ಪ ನನ್ನ ಹತ್ತಿರ ಬಂದು ನಿಂತ. ನಾನೇ ಆ ಫೋನಿನ ಮನುಷ್ಯ ಎಂದು ಹೇಳಿದೆ. ಅವನು ಒಂದು ಮರಿ ಎತ್ತಿ ನನ್ನ ಕೈಗೆ ಕೊಟ್ಟು, ಉಳಿದವುಗಳ ಕಡೆಗೆ ಹೋದ. ಆ ಮರಿಯ ಎದೆ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು. ಅಷ್ಟು ಮಂದಿಯ ಎದುರಿಗೆ ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಗಿರಣಿಗೆ ಹೋದಾಗ ಶಿವಶರಣಪ್ಪ ನೆಲದ ಮೇಲೆ ಕುಳಿತಿದ್ದ. ಎದುರಿಗೆ ಹತ್ತು ಮನೆಯ ಜೋಳ ಒಂದೇ ರಾಶಿಯಾಗಿ ಬಿದ್ದಿತ್ತು. ಯಾರದು ಯಾವುದೆಂದು ಬೇರೆ ಮಾಡುವುದು ದೇವರಿಂದಲೂ ಆಗದ ಕೆಲಸ, ಕೂಡಿಸಿಯೇ ಬೀಸಿ ಹಂಚುತ್ತೇನೆ, ಈ ವಾರ ಊರೆಲ್ಲ ಒಂದೇ ಹಿಟ್ಟಿನ ರೊಟ್ಟಿ ಎಂದು ನಕ್ಕ. ನಾನು ಹೋಳಿಗೆಯ ಗಂಟು ಅವನ ಕೈಗಿಟ್ಟು, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು ಶುರುಮಾಡಿದೆ. ಅವಸರ ಮಾಡಿದೆ, ನೋಡದೆ ಏರಿಸಿದೆ, ಎರಡು ಕಣ್ಣಿದ್ದೂ ಕುರುಡಾದೆ, ಕ್ಷಮಿಸಿ ಎಂದೆ. ಅವನು ಕೈ ಎತ್ತಿ ನಿಲ್ಲಿಸಿದ.

“ಹಂಗನಬ್ಯಾಡ್ರಿ ಸರ. ಮದ್ಲ ಬರೇ ಚಿತ್ರ ಹಾಕ್ತಿದ್ರಿ. ಆವಾಗ ನೀರು ಬರೋದೂ ನನಗ ಗೊತ್ತಾಗತಿರಲಿಲ್ಲ, ದಿನ ಇಲ್ಲಂಬೋದೂ ಗೊತ್ತಾಗತಿರಲಿಲ್ಲ. ಈ ಸಲ ನೀವು ಅಕ್ಷರ ಹಾಕೀರಿ. ‘ದಿನಾಂಕ’ ಅಂದು ಫೋನು ಸುಮ್ನಾತಲ್ರಿ, ಆ ಸುಮ್ನಾಗಿದ್ದು ನನಗ ಕೇಳಿಸ್ತು. ಅದಕ್ಕ ಕೆರಿಗಿ ಓಡಿದೆ. ಮರಿ ಉಳದದ್ದು ನಿಮ್ಮ ಅಕ್ಷರದಿಂದರಿ.”

ಕ್ಷಮೆ ಕೇಳಲು ಹೋದವನಿಗೆ ಅವನೇ ಕೃತಜ್ಞತೆ ಹೇಳಿದ. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಕೆಲಸ ಯಾರಿಗಾದರೂ ಮುಟ್ಟಿತು ಎಂದು ನನಗೆ ಯಾರೂ ಹೇಳಿರಲಿಲ್ಲ. ಇಲ್ಲ, ಆ ಉಪಕಾರ ನಿಮ್ಮದೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ಗಿರಣಿ ಚಾಲೂ ಮಾಡಿದ.

ಸೋಮವಾರ ನಂದಕಿಶೋರ ಸಾಹೇಬರು ತಾವೇ ಒಂದು ಆದೇಶ ಬರೆದರು. ದಿನಾಂಕ, ಗಂಟೆ ಮೊದಲು ಹೇಳುವುದು, ಟೈಪ್ ಆದ ಮೇಲೆ ಸಹಿ. ಶಿಕ್ಕಾ ಅಕ್ಷರಕ್ಕೆ ತಾಗಕೂಡದು. ನೀರಿನ ನೋಟಿಸಾದರೆ ಪಂಚಾಯಿತಿಗೆ ಅದೇ ಗಳಿಗೆ ಫೋನು ಮಾಡತಕ್ಕದ್ದು. ಆ ಆದೇಶದ ಕೆಳಗೂ ಹಸಿರು ಪೆನ್ನಿನಿಂದ ದಿನಾಂಕ ಬರೆಯಲು ಹೋಗಿ, ಕೈ ತಡೆದು, ಟೈಪ್ ಮಾಡಿಕೊಂಡು ಬನ್ನಿ ಎಂದು ನನಗೇ ತಿರುಗಿ ಕೊಟ್ಟರು.

ಅದಾಗಿ ಒಂದು ವರ್ಷ. ಈಗ ನೋಟಿಸು ಏರಿಸುವ ಮೊದಲು ನಾನೇ ಮಮದಾಪುರಕ್ಕೆ ಹಚ್ಚಿ ಓದಿ ಹೇಳುತ್ತೇನೆ, ಅವನು ಸರಿ ಎಂದರೆ ಏರಿಸುತ್ತೇನೆ. ಮುಂದಿನ ತಿಂಗಳು ನನ್ನ ನಿವೃತ್ತಿ. ಜಾಲತಾಣದ ಕೆಲಸಕ್ಕೆ ಪೂರ್ವಾ ಎಂಬ ಹೊಸ ಹುಡುಗಿ ಬಂದಿದ್ದಾಳೆ, ಚುರುಕಿದ್ದಾಳೆ, ನನ್ನಂತೆ ಮೂಗಿನ ಮೇಲೆ ಸಿಟ್ಟಿಲ್ಲ. ನಿನ್ನೆ ಇಬ್ಬರೂ ಕುಳಿತು ಚಾರ್ಜ್ ಒಪ್ಪಿಸುವ ಪಟ್ಟಿ ಮಾಡಿದೆವು. ಶಿಕ್ಕಾ ಒಂದು, ಶಾಯಿಪೆಟ್ಟಿಗೆ ಒಂದು, ಸ್ಕ್ಯಾನರ್ ಒಂದು, ಜಾಲತಾಣದ ಪಾಸ್‌ವರ್ಡ್ ಇರುವ ಲಕೋಟೆ ಒಂದು. ಇನ್ನೊಂದು ಇದೆ ಎಂದು ನಾನು ಮಮದಾಪುರದ ಫೋನ್ ನಂಬರು ಹೇಳಿದೆ, ಯಾರದು, ಯಾಕೆ ಎಂಬುದನ್ನೂ ಹೇಳಿದೆ. ಅವಳು ಪೆನ್ನು ಹಿಡಿದು ಕುಳಿತಳು.

“ಇದು ಸಾಮಾನಲ್ಲಲ್ರೀ ಸರ, ಯಾವ ಸಾಲಿನಾಗ ಬರೀಲಿ?”

“ಮದಲನೇ ಸಾಲಿನಾಗ ಬರಿ” ಎಂದೆ. “ಶಿಕ್ಕಾ ಎರಡನೇದಕ್ಕ ಹಾಕು.”

ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಮೇಲೆ ದಿನಾಂಕ ಹಾಕಿ, ಬರೆದಳು: ಒಂದು, ಶಿವಶರಣಪ್ಪ, ಹಿಟ್ಟಿನ ಗಿರಣಿ, ಮಮದಾಪುರ.